ಹಾಡು ಊರಿಗೆ ಬರುತ್ತಿದ್ದ ಕಾಲ

2023ರ ಜನವರಿಯಲ್ಲಿ ನಾನು ಎರಡು ಜಾತ್ರೆ ಮಾಡಿದೆ. ತಿಂಗಳ ಮೊದಲ ವಾರ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ತಿಂಗಳ ಕೊನೆಗೆ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಲೊಲ್ಲಾಪಲೂಜಾ ಎಂಬ ರಾಕ್ ಸಂಗೀತೋತ್ಸವ. ಏಷ್ಯಾದಲ್ಲಿ ಅದು ನಡೆದದ್ದು ಅದೇ ಮೊದಲು. ಗದಗ-ಬೆಟಗೇರಿಯಲ್ಲಿ ಹುಟ್ಟಿ, ಇಪ್ಪತ್ತಾರು ವರ್ಷಗಳಿಂದ ಡೊಂಬಿವಲಿಯಲ್ಲಿರುವ ನನ್ನನ್ನು ರೇಸ್‌ಕೋರ್ಸಿಗೆ ಕರೆದುಕೊಂಡು ಹೋದವಳು ಮಗಳು. ಸ್ಟ್ರೋಕ್ಸ್ ತಂಡದ ಹಾಡುಗಳು ಅವಳಿಗೆ ಬಾಯಿಪಾಠ. ನನಗೆ ಹಾಡಿಗಿಂತ ಹೆಚ್ಚು ಹಿಡಿಸಿದ್ದು ಆ ಉತ್ಸವದ ಕಥೆ. ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ.

ಅದು ಹುಟ್ಟಿದ್ದು ಒಂದು ವಿದಾಯದಿಂದ. ಜೇನ್ಸ್ ಅಡಿಕ್ಷನ್ ಎಂಬ ತಂಡ ಒಡೆಯುವ ಹೊತ್ತಿಗೆ, ಅದರ ಗಾಯಕ ಪೆರ್ರಿ ಫ್ಯಾರೆಲ್ ಕೊನೆಯ ಪ್ರವಾಸವನ್ನು ಒಬ್ಬರೇ ಮಾಡುವುದು ಬೇಡವೆಂದು ಬೇರೆ ತಂಡಗಳನ್ನೂ ಜೊತೆಗೆ ಕಟ್ಟಿಕೊಂಡರು. 1991ರ ಜುಲೈನಲ್ಲಿ ಅರಿಜೋನಾದಿಂದ ಹೊರಟ ಆ ದಂಡಿನಲ್ಲಿ ನೈನ್ ಇಂಚ್ ನೇಯ್ಲ್ಸ್ ಇತ್ತು, ಲಿವಿಂಗ್ ಕಲರ್ ಇತ್ತು, ರ‍್ಯಾಪ್ ಹಾಡುವ ಐಸ್-ಟಿ ಇದ್ದರು. ಒಂದೇ ಟಿಕೆಟ್ಟಿಗೆ ಇಡೀ ದಿನ ಇಷ್ಟೂ ಮಂದಿಯ ಹಾಡು. ಬಯಲಿನ ಅಂಚಿನಲ್ಲಿ ಪರಿಸರ, ರಾಜಕೀಯ ಸಂಘಟನೆಗಳ ಮೇಜುಗಳು. ಮರುವರ್ಷ ಎರಡನೆಯ ವೇದಿಕೆ ಬಂತು, ಅದರ ಮೇಲೆ ಜಿಮ್ ರೋಸ್ ಎಂಬವರ ಸರ್ಕಸ್ ಕೂಡ ಬಂತು! ಊರಿನ ಅಂಚಿಗೆ ಬಂದು ಇಳಿಯುವುದು, ಕಟ್ಟುವುದು, ಹಾಡುವುದು, ಬಿಚ್ಚಿಕೊಂಡು ಮುಂದಿನ ಊರಿಗೆ ಹೊರಡುವುದು. ಇದನ್ನು ಓದುತ್ತ ಓದುತ್ತ ನನ್ನ ಕಣ್ಣ ಮುಂದೆ ಬಂದದ್ದು ಅಮೆರಿಕವಲ್ಲ, ಗದಗ.

ತೋಂಟದಾರ್ಯ ಮಠದ ಜಾತ್ರೆ ಬಂತೆಂದರೆ ನಾಟಕ ಕಂಪನಿ ಮೊಕ್ಕಾಂ ಹೂಡುತ್ತಿತ್ತು. ಲಾರಿಯಿಂದ ತಗಡು, ಗಳ, ಸುತ್ತಿಟ್ಟ ಪರದೆಗಳು, ಕಾಲಿನಿಂದ ಒತ್ತುವ ಹಾರ್ಮೋನಿಯಂ ಇಳಿಯುತ್ತಿದ್ದವು. ಮಕ್ಕಳಾದ ನಮಗೆ ನಾಟಕಕ್ಕಿಂತ ಆ ಇಳಿಸುವಿಕೆಯೇ ದೊಡ್ಡ ಆಟ. ಗದಗಿಗೆ ಇದು ಹೊಸದೇನಲ್ಲ. ಶಾಂತಕವಿಗಳು ಇಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದ್ದು 1870ರ ದಶಕದಲ್ಲಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಹೆಸರನ್ನು ನಮ್ಮಜ್ಜ ದೇವರ ಹೆಸರಿನಂತೆ ಹೇಳುತ್ತಿದ್ದರು. ಪಂಚಾಕ್ಷರಿ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮ ಕಟ್ಟಿ ಗದಗಿನಲ್ಲಿ ನೆಲೆಯಾಗುವ ಮೊದಲು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದವರು. ಅವರ ಪಾಠಶಾಲೆಯೇ ಸಂಚಾರಿಯಾಗಿತ್ತು. ಆ ಮೇಲೆ ಆಶ್ರಮದ ಅಂಧ ಮಕ್ಕಳ ಅನ್ನಕ್ಕೆ ಆಸರೆಯಾದದ್ದೂ ತಿರುಗುವ ನಾಟಕ ಕಂಪನಿಯೇ.

ತಿರುಗಾಟಕ್ಕೆ ಒಂದು ಗುಣವಿದೆ. ಅದು ಕೇಳುಗರನ್ನು ಹುಡುಕಿಕೊಂಡು ಹೋಗುತ್ತದೆ, ಹೋದಲ್ಲಿ ಹಾಡುಗಾರರನ್ನೂ ಹುಡುಕಿ ತೆಗೆಯುತ್ತದೆ. ಧಾರವಾಡದ ಹತ್ತಿರದ ಮನಸೂರಿನ ಹುಡುಗ ಮಲ್ಲಿಕಾರ್ಜುನ ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದ. ಕಂಪನಿಯ ರಂಗದ ಮೇಲೆ ಆ ಕಂಠ ಕೇಳಿದವರು ಅವನನ್ನು ಗುರುಗಳ ಬಳಿಗೆ ಮುಟ್ಟಿಸಿದರು. ಕಂಪನಿ ಆ ಸೀಮೆಗೆ ಬಾರದೆ ದೂರದ ಪಟ್ಟಣದಲ್ಲೇ ಕೂತಿದ್ದರೆ ಮನಸೂರರ ದಾರಿ ಯಾವುದಾಗುತ್ತಿತ್ತೋ ಹೇಳಲಾಗದು.

ಲೊಲ್ಲಾಪಲೂಜಾ ಮಾತ್ರ ಕೂತುಬಿಟ್ಟಿತು. 1997ರವರೆಗೆ ತಿರುಗಿತು, ಆಮೇಲೆ ನಿಂತಿತು. 2003ರಲ್ಲಿ ಮತ್ತೆ ಹೊರಟಿತು. 2004ರಲ್ಲಿ ಟಿಕೆಟ್ ಮಾರಾಟವಾಗದೆ ಇಡೀ ಪ್ರವಾಸವೇ ರದ್ದಾಯಿತು. 2005ರಿಂದ ಷಿಕಾಗೋದ ಗ್ರ್ಯಾಂಟ್ ಪಾರ್ಕ್ ಅದರ ಮನೆ. ಆ ಮೇಲೆ ಚಿಲಿ, ಬ್ರೆಜಿಲ್, ಅರ್ಜೆಂಟೀನಾ, ಬರ್ಲಿನ್ ಎಂದು ಹೆಸರು ಹಬ್ಬಿದೆ ನಿಜ. ಆದರೆ ಹೋದ ದೇಶಗಳಲ್ಲೆಲ್ಲ ಅದು ಹಿಡಿದದ್ದು ದೊಡ್ಡ ನಗರಗಳನ್ನೇ. ಲೊಲ್ಲಾಪಲೂಜಾದಲ್ಲಿ ಕೆಲಸ ಮಾಡಿ ಪಳಗಿದ ಕೆವಿನ್ ಲೈಮನ್ 1995ರಲ್ಲಿ ಶುರುಮಾಡಿದ ವಾರ್ಪ್ಡ್ ಟೂರ್ ಎಂಬ ಸಂಚಾರಿ ಸಂಗೀತೋತ್ಸವ ತಿರುಗಾಟದಲ್ಲಿ ಇದಕ್ಕಿಂತ ಗಟ್ಟಿಯಾಗಿತ್ತು. ಯಾವ ತಂಡ ಎಷ್ಟು ಗಂಟೆಗೆ ಹಾಡುತ್ತದೆ ಎಂಬುದನ್ನು ಅಲ್ಲಿ ಆಯಾ ದಿನವೇ ತಿಳಿಸುತ್ತಿದ್ದರಂತೆ. ಹಾಗಾಗಿ ಹೆಸರಾಂತ ತಂಡಕ್ಕೆಂದು ಬೆಳಿಗ್ಗೆಯೇ ಬಂದವರ ಕಿವಿಗೆ ಹೆಸರಿಲ್ಲದ ತಂಡಗಳ ಹಾಡೂ ಬೀಳುತ್ತಿತ್ತು. ಎಂಥ ಸರಳ ಉಪಾಯ! ಅದೂ ದೇಶ ಸುತ್ತುವುದನ್ನು 2018ಕ್ಕೆ ನಿಲ್ಲಿಸಿತು. 2025ರಲ್ಲಿ ಮರಳಿದಾಗ ಮೂರು ನಗರಗಳಿಗೆ ಸೀಮಿತವಾಗಿತ್ತು.

ಖರ್ಚಿನ ಕಾರಣ ನನಗೆ ಅರ್ಥವಾಗುತ್ತದೆ. ಎಂಟು ಹತ್ತು ತಂಡಗಳನ್ನೂ ಅವರ ಸಾಮಾನನ್ನೂ ದಿನ ಬಿಟ್ಟು ದಿನ ನೂರಾರು ಕಿಲೋಮೀಟರ್ ಸಾಗಿಸುವುದಕ್ಕಿಂತ ಒಂದೇ ಬಯಲಿಗೆ ಜನರನ್ನು ಕರೆಸುವುದು ಅಗ್ಗ. ಆದರೆ ಆ ಖರ್ಚು ಇಲ್ಲವಾಗುವುದಿಲ್ಲ, ಕೇಳುಗನ ಜೇಬಿಗೆ ವರ್ಗವಾಗುತ್ತದೆ. ಹಾವೇರಿಯ ಹುಡುಗ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯಬೇಕು, ಉಳಿಯಲು ಕೋಣೆ ಹುಡುಕಬೇಕು, ಆಮೇಲೆ ಟಿಕೆಟ್ಟು. ಅವನ ಅಜ್ಜನಿಗೆ ಜಾತ್ರೆಯ ಕಂಪನಿ ನಡೆದು ಹೋಗುವಷ್ಟು ಹತ್ತಿರವಿತ್ತು.

ಕನ್ನಡಿಗರಿಗೆ ತಿರುಗುವುದು ಮರೆತಿಲ್ಲ ಎಂಬುದಕ್ಕೆ ಆ ಜನವರಿಯ ನನ್ನ ಮೊದಲ ಜಾತ್ರೆಯೇ ಸಾಕ್ಷಿ. ಸಾಹಿತ್ಯ ಸಮ್ಮೇಳನ 1915ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು, ಅಲ್ಲೇ ಕೂರಲಿಲ್ಲ. ಗದಗಿಗೆ 2010ರಲ್ಲಿ ಬಂತು, ಧಾರವಾಡಕ್ಕೆ 2019ರಲ್ಲಿ ಬಂತು, ಹಾವೇರಿಗೆ 2023ರಲ್ಲಿ. ಅದರ ಗೊಂದಲ, ಧೂಳು, ಊಟದ ಸಾಲು ಎಲ್ಲವನ್ನೂ ನಾನು ಕಂಡಿದ್ದೇನೆ. ಆದರೂ ಹಾವೇರಿಯಲ್ಲಿ ಹೊಲದ ಕೆಲಸ ಬಿಟ್ಟು ಬಂದ ಹೆಂಗಸರು ಪುಸ್ತಕ ಮಳಿಗೆಯ ಮುಂದೆ ನಿಂತು ಪುಟ ತಿರುವುತ್ತಿದ್ದರು. ರೇಸ್‌ಕೋರ್ಸಿನ ಗೇಟಿನಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಒಳಹೋದ ಜನ ಅಂಥವರಲ್ಲ. ವ್ಯವಸ್ಥೆಯಲ್ಲಿ ಮುಂಬೈ ಎಷ್ಟೋ ಮೇಲು: ಶೌಚಾಲಯ, ನೀರು, ಹೊತ್ತಿಗೆ ಸರಿಯಾಗಿ ಶುರುವಾಗುವ ಹಾಡು. ಆ ಶಿಸ್ತು ನಮಗೆ ಬೇಕೇಬೇಕು. ಆದರೆ ಅದು ನಮ್ಮ ದಾರಿಯಲ್ಲಿ, ನಮ್ಮ ಊರುಗಳಿಗೆ ಬರಬೇಕು.

ಸಂಗೀತಕ್ಕೂ ಇಂಥದೊಂದು ಸಂಚಾರ ಹೊರಡಲಿ ಎಂಬುದು ನನ್ನ ಆಸೆ. ಶನಿವಾರ ಹುಬ್ಬಳ್ಳಿಯ ನೆಹರೂ ಮೈದಾನ, ಭಾನುವಾರ ಗದಗ, ಮರುವಾರ ಹಾವೇರಿ. ಗಿಟಾರಿನವರೂ ಬರಲಿ, ತತ್ವಪದದವರೂ ಬರಲಿ, ಪುಣ್ಯಾಶ್ರಮದ ಮಕ್ಕಳೂ ಹಾಡಲಿ. ಯಾರ ಸರದಿ ಎಷ್ಟು ಗಂಟೆಗೆಂದು ಆ ದಿನವೇ ತಿಳಿಸಲಿ. ಜಿಲ್ಲೆಗಳ ಉತ್ಸವಗಳಿಗೆ ಬೆಂಗಳೂರಿನಿಂದ ಸಿನಿಮಾ ಗಾಯಕರನ್ನು ಕರೆಸುವ ಹಣದ ಒಂದು ಪಾಲು ಸಾಕಾದೀತು.

ಅಕ್ಕನ ಮಗ ಮತ್ತು ಅವನ ಮೂವರು ಗೆಳೆಯರು ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ, ಪೇಟೆಗೆ ರಜೆ ಇರುವ ದಿನ, ಅಭ್ಯಾಸ ಮಾಡುತ್ತಾರೆ. ಸಮ್ಮೇಳನ ಮುಗಿಸಿ ನಾನು ಅಲ್ಲಿಗೆ ಹೋಗಿದ್ದೆ. ಘಾಟಿಗೆ ಕೆಮ್ಮುತ್ತಲೇ ಎರಡು ಹಾಡು ಹಾಡಿದರು, ಎರಡೂ ಅವರೇ ಬರೆದ ಕನ್ನಡದ ಹಾಡುಗಳು. ಗೋದಾಮಿನ ಮಾಲೀಕರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೇಳಿದರು, ಇನ್ನೊಮ್ಮೆ ಹಾಡಿಸಿದರು.