ಹೋಗಿ ಅಂತ ಬರೆದು ಕೊಡಿ ಸರ್

ಮಳೆಗಾಲ ಬಂತೆಂದರೆ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕಿಂತ ಮೊದಲು ಬರುವ ಪ್ರಶ್ನೆ, "ಡಿಸಿ ರಜೆ ಕೊಟ್ರಾ?" ಕೊಟ್ಟರೆ ವಾಟ್ಸಾಪಿನಲ್ಲಿ ಆರ್ಡರ್ ಕಾಪಿ ಓಡಾಡುತ್ತದೆ. ಅಂಗನವಾಡಿ, ಶಾಲೆ, ಪಿಯು ಕಾಲೇಜು ಎಲ್ಲ ಅದರಲ್ಲಿರುತ್ತವೆ. ಸರ್ಕಾರಿ ಕಚೇರಿ ಇರುವುದಿಲ್ಲ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ನಾನು ಕೊಡೆ ಹಿಡಿದು ಬಸ್‌ಸ್ಟಾಪಿಗೆ.

ಅದಕ್ಕೆ ನನ್ನ ತಕರಾರಿಲ್ಲ ಮಾರಾಯ್ರೆ. ನೆರೆ ಬಂದಾಗ ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಬಂದ ಫೋನ್ ಎತ್ತಲು ಜನ ಬೇಕಲ್ಲ. ತಕರಾರು ಬೇರೆ.

2018ರ ಮೇ 29, ಮಂಗಳೂರು ಮುಳುಗಿದ ದಿನ. ನಮ್ಮ ಕಚೇರಿಯ ರೆಕಾರ್ಡ್ ರೂಮಿಗೂ ನೀರು ನುಗ್ಗಿತು. ಐದಾರು ಜನ ಸೀರೆ ಎತ್ತಿ ಕಟ್ಟಿ, ಕೆಳಗಿನ ರ‍್ಯಾಕಿನ ಕಡತಗಳನ್ನೆಲ್ಲ ಮೇಜಿನ ಮೇಲೆ ಪೇರಿಸಿದೆವು. ಕಡತದ ದಾರ ಬಣ್ಣ ಬಿಟ್ಟು ಕೈಯೆಲ್ಲ ಕೆಂಪು. ಮನೆಗೆ ಹೋಗಬಹುದಾ ಅಂತ ಕೇಳಿದರೆ ಸಾಹೇಬರದ್ದು ಒಂದೇ ಮಾತು: "ಮೇಲಿಂದ ಆರ್ಡರ್ ಬರ್ಲಿ." ಎರಡು ಗಂಟೆಗೆ ಅವರೇ, "ದೂರದವರು ಹೊರಡಿ" ಅಂದರು. ಉಳ್ಳಾಲ, ಸುರತ್ಕಲ್ ಕಡೆಯವರು ಹೊರಟರು. ಜೂನ್ ಮೊದಲ ವಾರ ಹಾಜರಿ ಪುಸ್ತಕ ನೋಡಿದರೆ ಹೊರಟವರಿಗೆಲ್ಲ ಅರ್ಧ ದಿನ ಸಿ.ಎಲ್., ಅಂದರೆ ಅವರದೇ ಸಾಂದರ್ಭಿಕ ರಜೆಯಲ್ಲಿ ಕಡಿತ!

"ಸರ್, ನೀವೇ ಹೇಳಿದ್ದಲ್ವಾ?"

"ಹೋಗಿ ಅಂದದ್ದು ಹೌದು. ಓಓಡಿ ಅಂದಿದ್ದೇನಾ?" ಓಓಡಿ ಅಂದರೆ 'ಆನ್ ಅದರ್ ಡ್ಯೂಟಿ', ರಜೆ ಕಡಿಯದೆ ಡ್ಯೂಟಿ ಅಂತಲೇ ಬರೆಯುವುದು.

ಆಮೇಲೆ ಸಿಟ್ಟಿನಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆ ಓದಿದೆ. 56ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆಯಡಿ ವಹಿಸಿದ ಕೆಲಸವನ್ನು ಅಧಿಕಾರಿ ಬಿಟ್ಟು ಹೋದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಮೇಲಧಿಕಾರಿಯ ಲಿಖಿತ ಅನುಮತಿಯೋ ಬೇರೆ ನ್ಯಾಯವಾದ ಕಾರಣವೋ ಇದ್ದರೆ ಬಚಾವ್. ಲಿಖಿತ, ಗಮನಿಸಿ. ಕಾನೂನಿಗೇ ಬಾಯಿಮಾತಿನ ಮೇಲೆ ನಂಬಿಕೆಯಿಲ್ಲ. ನಾವು ಗುಮಾಸ್ತರು ಮಾತ್ರ ಬಾಯಿಮಾತು ನಂಬಿ ಹೊಳೆಯಂಥ ರಸ್ತೆಗೆ ಇಳಿಯಬೇಕು.

ಅಮೆರಿಕದ ರಾಜಧಾನಿಯಲ್ಲಿ ಹಿಮ ಸುರಿದರೆ ಕೇಂದ್ರ ಸರ್ಕಾರದ ಕಚೇರಿಗಳು ಇವತ್ತು ಮುಚ್ಚಿವೆಯೋ, ತಡವಾಗಿ ತೆರೆಯುತ್ತವೆಯೋ, ಬೇಗ ಬಿಡುತ್ತವೆಯೋ ಎಂದು ಒಂದೇ ಕಡೆಯಿಂದ ಪ್ರಕಟಣೆ ಬರುತ್ತದೆ. ಇಂಥ ದಿನಕ್ಕೆಂದೇ ಸಂಬಳ ಸಹಿತ ರಜೆಯನ್ನು 2016ರಲ್ಲಿ ಕಾನೂನಿನಲ್ಲೇ ಸೇರಿಸಿದ್ದಾರೆ. ತುರ್ತು ಕೆಲಸದವರು ಮಾತ್ರ ಬರಲೇಬೇಕು. ಮನೆಯಿಂದ ಕೆಲಸ ಮಾಡಲು ವ್ಯವಸ್ಥೆ ಇದ್ದವರಿಗೆ ಸಾಮಾನ್ಯವಾಗಿ ಆ ರಜೆಯೂ ಇಲ್ಲ, ಅದೂ ಸರಿಯೇ.

ನಮಗೆ ಅಷ್ಟೆಲ್ಲ ಬೇಡ. ಶಾಲೆಯ ರಜೆಯ ಆರ್ಡರಿನ ಕೆಳಗೆ ಎರಡು ಸಾಲು ಸೇರಿಸಿ: ಯಾರು ಇರಬೇಕು, ಉಳಿದವರನ್ನು ಎಷ್ಟು ಹೊತ್ತಿಗೆ ಬಿಡಬೇಕು, ಬಿಟ್ಟವರಿಗೆ ಸಿ.ಎಲ್. ಹಾಕಕೂಡದು. ಟೈಪ್ ಮಾಡಲು ಜನ ಇಲ್ಲದಿದ್ದರೆ ನನ್ನನ್ನು ಕರೆಯಿರಿ, 'ನುಡಿ' ತಂತ್ರಾಂಶದಲ್ಲೂ ಬರುತ್ತದೆ, ಯುನಿಕೋಡಲ್ಲೂ ಬರುತ್ತದೆ.