ಮೂರು ಕುಂಡದ ಗಾಂಜಾ, ಮೂರು ಎಕರೆಯ ಮೆಣಸಿನಕಾಯಿ

ಬರ್ಲಿನ್ನಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿರುವ ನಿವೃತ್ತ ಟ್ರಾಮ್ ಚಾಲಕರು ಗಾಂಜಾ ಬೆಳೆಯುತ್ತಾರೆ. ಗಾಬರಿಯಾಗಬೇಡಿ, ಕದ್ದುಮುಚ್ಚಿ ಅಲ್ಲ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಸ್ವಂತ ಬಳಕೆಗೆಂದು ಮನೆಯಲ್ಲಿ ತಲಾ ಮೂರು ಗಿಡ ಬೆಳೆಸಿಕೊಳ್ಳಬಹುದು. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ನಮ್ಮ ಕಡೆ ತೊಗರಿ ಸಾಲಿನ ನಡುವೆ ಅಂಥ ಗಿಡ ಸಿಕ್ಕರೆ 1985ರ ಮಾದಕವಸ್ತು ಕಾಯ್ದೆಯಡಿ ಪ್ರಕರಣ, ಮರುದಿನದ ಪತ್ರಿಕೆಯಲ್ಲಿ ಗಿಡದ ಪಕ್ಕ ಸಾಲಾಗಿ ನಿಂತ ಪೊಲೀಸರ ಫೋಟೋ. ಯಾವ ಕಾನೂನು ಸರಿ ಎಂಬ ಚರ್ಚೆ ನನಗೆ ಬೇಡ. ನನ್ನನ್ನು ಚುಚ್ಚಿದ್ದು ಆ ಹಿರಿಯರು ಕೇಳಿದ ಒಂದು ಪ್ರಶ್ನೆ.

ಕಿಟಕಿಯ ಬಳಿ ನಾಲ್ಕು ಮೆಣಸಿನಕಾಯಿ ಗಿಡ ಬೆಳೆಸೋಣವೆಂದು ಅವರ ಸಲಹೆ ಕೇಳಲು ಹೋಗಿದ್ದೆ. ನಾನು ಸಿಂಧನೂರು ಕಡೆಯ ರೈತರ ಮನೆಯವನು, ತುಂಗಭದ್ರೆಯ ಎಡದಂಡೆ ಕಾಲುವೆ ನೀರು ಕುಡಿದು ಬೆಳೆದವನು ಎಂದು ಸ್ವಲ್ಪ ಜಂಬದಿಂದಲೇ ಪರಿಚಯ ಹೇಳಿಕೊಂಡೆ. ಅವರು ಕುತೂಹಲದಿಂದ ಮುಂದಕ್ಕೆ ಬಾಗಿ, "ಹೌದೇ? ನಿಮ್ಮ ಹೊಲದ ಮಣ್ಣಿನ ಇಸಿ ಎಷ್ಟಿರುತ್ತದೆ?" ಎಂದರು. ಮೂರು ತಲೆಮಾರು ಅದೇ ಎರೆ ಹೊಲವನ್ನು ಉತ್ತಿದ ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿರುವವರು ಒಬ್ಬರೂ ಇಲ್ಲ. ಬಾತ್‌ರೂಮಿನ ಪಕ್ಕದ ಕಪಾಟಿನಲ್ಲಿ ಮೂರು ಕುಂಡ ಇಟ್ಟುಕೊಂಡ ಈ ಮನುಷ್ಯರಿಗೆ ತಮ್ಮ ನಲ್ಲಿ ನೀರಿನ ಇಸಿ ಕೂಡ ಬಾಯಿಪಾಠ: 0.7. ಬರ್ಲಿನ್ನಿನ ನೀರು ಗಡಸು. ಗೊಬ್ಬರ ಬೀಳುವ ಮೊದಲೇ ಅದರಲ್ಲಿ ಅಷ್ಟು ಲವಣ ಕರಗಿರುತ್ತದೆ.

ಇಸಿ ಎಂದರೆ ವಿದ್ಯುತ್ ವಾಹಕತೆ; ಇಲ್ಲಿನ ಅಂಕಿಗಳೆಲ್ಲ ಡೆಸಿಸೀಮೆನ್ಸ್ (dS/m) ಲೆಕ್ಕದಲ್ಲಿ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಮೀಟರಿನ ಅಂಕಿ ಏರುತ್ತದೆ. ಗಿಡದ ಆಹಾರವೂ ಲವಣವೇ ಆದ್ದರಿಂದ ಊಟ ಎಷ್ಟು ಗಟ್ಟಿಯಾಯಿತು ಎಂಬುದು ಗೊತ್ತಾಗುತ್ತದೆ. ಅತಿಯಾದರೆ ಬೇರು ನೀರನ್ನು ಎಳೆದುಕೊಳ್ಳಲಾರದು. ಬುಡ ಒದ್ದೆಯಿದ್ದರೂ ಎಲೆಯ ತುದಿ ಸುಡುತ್ತದೆ. ನಮ್ಮೂರಿನಲ್ಲಿ ಇದನ್ನು ನೋಡಿದವರು "ನೀರು ಸಾಲದು" ಎನ್ನುತ್ತಾರೆ, ಇಲ್ಲವೇ "ರೋಗ ಬಿದ್ದಿದೆ" ಎಂದು ಔಷಧ ಹೊಡೆಯುತ್ತಾರೆ.

ಆ ಹಿರಿಯರ ಕ್ರಮವನ್ನು ಹತ್ತಿರದಿಂದ ನೋಡಿದೆ. ಅವರ ಮೊದಲ ಚಿಂತೆ ಗೊಬ್ಬರವಲ್ಲ, ಬೇರು ಎಲ್ಲಿ ಕೂರುತ್ತದೆ ಎಂಬುದು. ಅಂಗಡಿಯಿಂದ ತಂದ ಮಣ್ಣಿನ ಚೀಲವನ್ನು ತಿರುಗಿಸಿ ಹಿಂಬದಿ ತೋರಿಸಿದರು. ಪಿಎಚ್ (ಹುಳಿ-ಕ್ಷಾರದ ಅಳತೆ) ಎಷ್ಟು, ಲೀಟರಿಗೆ ಎಷ್ಟು ಗ್ರಾಂ ಲವಣ, ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟು ಮಿಲಿಗ್ರಾಂ, ಎಲ್ಲ ಅಚ್ಚಾಗಿತ್ತು. ಸಸಿಗೆ ಬೇರೆ ಚೀಲ, ಬೆಳೆದ ಟೊಮೆಟೊಗೆ ಬೇರೆ ಚೀಲ. ಸಸಿಯದರಲ್ಲಿ ಲವಣ ಕಡಿಮೆ. ಗೊಬ್ಬರ ಬೆರೆಸಿದ ಇಂಥ ಮಣ್ಣಿನಲ್ಲಿ ನೆಟ್ಟರೆ ಮೊದಲ ಕೆಲವು ವಾರ ಬರೀ ನೀರು ಸಾಕು.

ತೆಂಗಿನ ನಾರಿನ ಪುಡಿಯ ಲೆಕ್ಕ ಬೇರೆ. ಅವರಲ್ಲಿದ್ದ ಒತ್ತಿದ ಪುಡಿಯ ಇಟ್ಟಿಗೆ ಪೊಳ್ಳಾಚಿ ಕಡೆಯದು, ಪೊಟ್ಟಣದ ಮೇಲೆ ನಮ್ಮ ದೇಶದ ಹೆಸರಿತ್ತು. ಅದು ನೀರನ್ನೂ ಗಾಳಿಯನ್ನೂ ಒಟ್ಟಿಗೆ ಹಿಡಿದಿಡುತ್ತದೆ, ಆದರೆ ಅದರಲ್ಲಿ ಗಿಡಕ್ಕೆ ಊಟವೆಂಬುದು ಹೆಚ್ಚುಕಡಿಮೆ ಇಲ್ಲ. ಸಾಲದ್ದಕ್ಕೆ ತನ್ನಲ್ಲಿರುವ ಪೊಟ್ಯಾಷಿಯಂ, ಸೋಡಿಯಂ ಬಿಟ್ಟುಕೊಟ್ಟು ಗಿಡಕ್ಕೆ ಹಾಕಿದ ಕ್ಯಾಲ್ಸಿಯಂ ಅನ್ನು ತಾನು ಕಚ್ಚಿಕೊಳ್ಳುತ್ತದೆ. ಅದಕ್ಕೇ ಮೊದಲು ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಮತ್ತೆ ತೊಳೆಯಬೇಕು. ಆಮೇಲೆ ಪ್ರತಿ ಸಲ ನೀರು ಹಾಕುವಾಗಲೂ ತೆಳುವಾಗಿ ಗೊಬ್ಬರ ಕೂಡಿಸಬೇಕು. ಸುಟ್ಟ ಜೇಡಿಯ ಉಂಡೆಗಳಲ್ಲಾದರೆ ನೀರು ಅಷ್ಟೂ ನಿಲ್ಲುವುದಿಲ್ಲ, ಬೇರಿಗೆ ಗೊಬ್ಬರದ ದ್ರಾವಣ ಸದಾ ಸಿಗುತ್ತಿರಬೇಕು. ನನ್ನ ಮೆಣಸಿಗೆ ಅವರು ನಾರಿನ ಪುಡಿಯಲ್ಲಿ ಒಂದಿಷ್ಟು ಪರ್ಲೈಟ್ (ಹಗುರವಾದ ಬಿಳಿ ಹರಳು) ಬೆರೆಸಲು ಹೇಳಿದರು. ದ್ರಾವಣದ ಇಸಿ ಸಸಿಗೆ 1ರ ಆಸುಪಾಸು, ಕವಲೊಡೆದ ಮೇಲೆ ಒಂದೂವರೆ, ಕಾಯಿ ಕಟ್ಟಿದಾಗ 2. ಪಿಎಚ್ 6ರ ಹತ್ತಿರ ಇರಲಿ ಎಂದರು. ಗೊಬ್ಬರದ ಬಾಟಲಿಯ ಮೇಲೆ ಬರೆದ ಪ್ರಮಾಣದ ಅರ್ಧದಿಂದ ಶುರು ಮಾಡಿ ಎಂಬುದು ಅವರ ಖಡಕ್ಕು ಮಾತು. "ಕಡಿಮೆಯಾದರೆ ನಾಳೆ ಸೇರಿಸಬಹುದು, ಹೆಚ್ಚಾದದ್ದನ್ನು ವಾಪಸು ತೆಗೆಯುವುದು ಹೇಗೆ?"

ಭಾನುವಾರದ ವಿಡಿಯೋ ಕರೆಯಲ್ಲಿ ಗಿಡ ನೋಡಿದ ನಮ್ಮ ಕಾಕಾ, "ತಮ್ಮಾ, ಪಾಪ ಅದಕ್ಕೆ ಹೊಟ್ಟೆಗೆ ಏನಾದರೂ ಹಾಕುತ್ತೀಯೋ ಇಲ್ಲವೋ?" ಎಂದರು.

ನಮ್ಮವರ ಸ್ವಭಾವವೇ ಅದು. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಬಿಡುವವರು, ಬೆಳೆಗೂ ಹಾಗೆಯೇ ಬಡಿಸುತ್ತಾರೆ. ಪಕ್ಕದ ಹೊಲದವನು ಎರಡು ಚೀಲ ಡಿಎಪಿ ಹಾಕಿದ್ದಾನೆಂದರೆ ನಾವು ಎರಡೂವರೆ. 45 ಕೆಜಿಯ ಯೂರಿಯಾ ಚೀಲ 300 ರೂಪಾಯಿಯೊಳಗೆ ಸಿಗುವಾಗ ಕೈ ಹಿಡಿಯುವವರು ಯಾರು? ಪೈರು ಕಪ್ಪುಹಸಿರಾಗಿ ಕಂಡರೆ ದಾರಿಹೋಕರೂ ನಿಂತು ಹೊಗಳುತ್ತಾರೆ. ಆ ಹಸಿರಿಗೆ ಹುಳ ಮೊದಲು ಬರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಎಷ್ಟು ಹಾಕಬೇಕು ಎಂದು ಕೇಳಲು ಹೋಗುವುದು ಗೊಬ್ಬರದ ಅಂಗಡಿಗೆ. ಮಾರುವವನೇ ಪ್ರಮಾಣ ಹೇಳುವ ಈ ಪದ್ಧತಿಯ ಮೇಲೆ ನನಗೆ ದೂರದಲ್ಲಿ ಕುಳಿತು ಸಿಟ್ಟು ಬರುತ್ತದೆ, ಊರಿಗೆ ಹೋದಾಗ ಇನ್ನೂ ಹೆಚ್ಚು ಬರುತ್ತದೆ.

ಸಿಟ್ಟಿಗೆ ಕಾರಣವಿದೆ. ಲವಣದ ವಿಷಯದಲ್ಲಿ ಬರ್ಲಿನ್ನಿನ ಕಪಾಟಿಗಿಂತ ನಮಗೆ ಹೆಚ್ಚು ಎಚ್ಚರ ಬೇಕಿತ್ತು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಾಲುವೆ ಬಯಲಲ್ಲಿ ಬೇಸಿಗೆಯಲ್ಲಿ ನಡೆದರೆ ತಗ್ಗಿನ ಹೊಲಗಳಲ್ಲಿ ಬಿಳಿ ಪೊರೆ ಕಾಣುತ್ತದೆ. ಚೌಳು. ಅದನ್ನೇ ಅಧ್ಯಯನ ಮಾಡುವ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿಯಲ್ಲಿಯೇ ಇದೆ. ಪೂರ್ತಿ ತೊಯ್ಸಿದ ಮಣ್ಣಿನಿಂದ ಹಿಂಡಿ ತೆಗೆದ ನೀರಿನ ಇಸಿ 4 ದಾಟಿದರೆ ಚೌಳು ಭೂಮಿ ಎನ್ನುವುದು ಪಠ್ಯಪುಸ್ತಕದ ಮಾತು (ಕುಂಡಕ್ಕೆ ಹಾಕುವ ಗೊಬ್ಬರದ ದ್ರಾವಣದ ಲೆಕ್ಕ ಬೇರೆ). ಆದರೆ ಎಲ್ಲ ಬೆಳೆಯ ತಾಳ್ಮೆಯೂ ಒಂದೇ ಅಲ್ಲ: ಹತ್ತಿ 7.7ರವರೆಗೆ ತಡೆಯುತ್ತದೆ, ಭತ್ತದ ಇಳುವರಿ 3 ದಾಟಿದ ಮೇಲೆ ಇಳಿಯತೊಡಗುತ್ತದೆ, ಮೆಣಸಿನಕಾಯಿ ಜಾತಿ ಒಂದೂವರೆಗೇ ಮುಖ ಬಾಡಿಸುತ್ತದೆ. ಹೋದ ವರ್ಷ ಹತ್ತಿ ಎದೆಯೆತ್ತರ ಬಂದ ಹೊಲದಲ್ಲಿ ಈ ವರ್ಷ ಮೆಣಸಿನಕಾಯಿ ಏಕೆ ಮುರುಟಿತು ಎಂದು ಕಟ್ಟೆಯ ಮೇಲೆ ಕುಳಿತು ಬೀಜದ ಕಂಪನಿಯನ್ನು ಬೈಯುವವರಿಗೆ ಈ ಮೂರು ಅಂಕಿಗಳನ್ನು ಗೋಡೆಯ ಮೇಲೆ ಬರೆದು ಕೊಡಬೇಕೆನಿಸುತ್ತದೆ.

ಹಾಗೆಂದು ಅಂಕಿ ನಮ್ಮ ಮನೆಗೆ ಬಂದೇ ಇಲ್ಲವೆಂದಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಇಸಿಯೂ ಒಂದು. ನಮ್ಮ ಮನೆಯ ಕಾರ್ಡು ರೇಷನ್ ಕಾರ್ಡು, ಪಹಣಿಗಳ ಜೊತೆ ಟ್ರಂಕಿನಲ್ಲಿದೆ, ಲ್ಯಾಮಿನೇಷನ್ ಸಮೇತ. ಓದಿದ ಗುರುತು ಮಾತ್ರ ಇಲ್ಲ.

ಇಷ್ಟೆಲ್ಲ ಬರೆದ ಮೇಲೆ ಕಾಕಾನ ಪರವಾಗಿ ಹೇಳಲೇಬೇಕಾದ ಒಂದೆರಡು ಮಾತುಗಳಿವೆ, ಇಷ್ಟವಿಲ್ಲದಿದ್ದರೂ. ಮೊದಲನೆಯದು, ಯೂರಿಯಾ ಕರಗಿಸಿದ ನೀರಿಗೆ ಮೀಟರ್ ಅದ್ದಿದರೆ ಮುಳ್ಳು ಅಲುಗುವುದೇ ಇಲ್ಲವೆನ್ನಬಹುದು. ಯೂರಿಯಾ ಕರಗಿದಾಗ ವಿದ್ಯುತ್ ಒಯ್ಯುವ ಕಣಗಳಾಗಿ ಒಡೆಯುವುದಿಲ್ಲ; ಮಣ್ಣಿನಲ್ಲಿ ಅಮೋನಿಯಂ ಆಗಿ ಬದಲಾದ ಮೇಲೆಯೇ ಅದರ ಲೆಕ್ಕ ಕಾಣುವುದು. ಹಿರಿಯರ ಮೆಚ್ಚಿನ ಮೀಟರ್ ಕಾಕಾನ ಮೆಚ್ಚಿನ ಗೊಬ್ಬರದ ಮುಂದೆ ಕುರುಡು.

ಎರಡನೆಯದು ಇನ್ನೂ ದೊಡ್ಡದು. ನಮ್ಮ ಚೌಳಿಗೆ ಮುಖ್ಯ ಕಾರಣ ಗೊಬ್ಬರದ ಚೀಲವಲ್ಲ, ನೀರು. ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ನೀರು ನಿಲ್ಲಿಸುತ್ತಾರೆ, ಕಾಲುವೆ ಜಿನುಗುತ್ತದೆ, ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆರಿ ಲವಣ ಮೇಲೆ ಉಳಿಯುತ್ತದೆ. ಎರೆಮಣ್ಣು ಬಸಿಯಲು ಬಿಡುವುದಿಲ್ಲ. ಬರ್ಲಿನ್ನಿನ ಹಿರಿಯರು ಕುಂಡದ ಅಡಿಯ ತೂತಿನಿಂದ ಐದರಲ್ಲಿ ಒಂದು ಪಾಲು ನೀರು ಹೊರಗೆ ಹರಿಯುವಂತೆ ಹಾಕಿ, ಆ ಗೊಬ್ಬರದ ನೀರನ್ನು ಹಾಯಾಗಿ ಸಿಂಕಿಗೆ ಚೆಲ್ಲುತ್ತಾರೆ. ಕಾಕಾನ ಹೊಲಕ್ಕೆ ಅಂಥ ತೂತು ಬೇಕೆಂದರೆ ನೆಲದಡಿ ರಂಧ್ರದ ಪೈಪು ಹೂಳಬೇಕು, ಬಸಿದ ನೀರು ಹೋಗಲು ಹಳ್ಳದವರೆಗೆ ದಾರಿ ಬೇಕು. ನಡುವಿನ ಹೊಲಗಳವರೆಲ್ಲ ಒಪ್ಪಬೇಕು. ಅವರಲ್ಲಿ ಇಬ್ಬರ ನಡುವೆ ಬದುವಿನ ಜಗಳ ನಾನು ಪ್ರೌಢಶಾಲೆಯಲ್ಲಿದ್ದಾಗಿನಿಂದ ನ್ಯಾಯಾಲಯದಲ್ಲಿದೆ. ಮೂರು ಗಿಡ ಒಣಗಿದರೆ ಹಿರಿಯರಿಗೆ ಪಿಂಚಣಿ ಇದ್ದೇ ಇದೆ. ಮೂರು ಎಕರೆ ಹೋದರೆ ಎಂಬ ಹೆದರಿಕೆಯಿಂದ ಇನ್ನರ್ಧ ಚೀಲ ಸುರಿಯುವವರನ್ನು ಜಂಬದವರು ಎಂದಷ್ಟೇ ಕರೆಯುವುದು ಅನ್ಯಾಯ.

ಆದರೂ ಟ್ರಂಕಿನಿಂದ ಕಾರ್ಡು ತೆಗೆಸಿ ಫೋಟೋ ಕಳಿಸುವವರೆಗೆ ನಾನು ಬಿಡಲಿಲ್ಲ. ತಗ್ಗಿನ ಹೊಲದ ಇಸಿ 1.9 ಎಂದಿತ್ತು. ಪ್ರಯೋಗಾಲಯದಲ್ಲಿ ಮಣ್ಣಿಗೆ ಹೆಚ್ಚು ನೀರು ಬೆರೆಸಿ ಅಳೆಯುವುದರಿಂದ ಬೇರಿನ ಸುತ್ತ ನಿಜವಾಗಿ ಇರುವ ಲವಣ ಅದಕ್ಕಿಂತ ಸಾಕಷ್ಟು ಹೆಚ್ಚು. ಮೆಣಸಿನಕಾಯಿಗೆ ಅದು ಜಾಗವಲ್ಲ ಎಂದು ವಿವರಿಸಿದೆ. ಕಾಕಾ ಪೂರ್ತಿ ಕೇಳಿಸಿಕೊಂಡು, ಈ ಸಲ ಅಲ್ಲಿ ಹತ್ತಿ ಹಾಕುವುದೆಂದು ಆಗಲೇ ತೀರ್ಮಾನವಾಗಿದೆ ಎಂದರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿದ್ದಿದೆಯಂತೆ.