‘ಟಕ್’ ಎಂದ ಮಾತ್ರಕ್ಕೆ ಸ್ಟಾರ್ಟರ್ ಸುಟ್ಟಿದೆ ಎನ್ನಲಾಗದು

ಹಳೆಯ ಪಿಕಪ್‌ನ ಕೀ ತಿರುಗಿಸಿದಾಗ ‘ಟಕ್’ ಎಂದು ಸುಮ್ಮನಾದರೆ ಎಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರ್ ಮೋಟಾರ್ ಸುಟ್ಟಿದೆ, ಹೊಸದು ಹಾಕಿಸಿ ಎಂಬ ಸಂದೇಶ ಚಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಬಾಡಿಗೆ ಗಾಡಿಯನ್ನೇ ನಂಬಿದವರು ಆ ಸಂದೇಶ ಓದಿ ಸುಮ್ಮನೆ ಸಾವಿರಾರು ರೂಪಾಯಿ ಸುರಿಯಬಾರದು.

ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ‘ಟಕಟಕ’ ಎಂದು ಒಂದೇ ಸಮನೆ ಬಡಿದುಕೊಂಡರೆ ಮೊದಲ ಗುಮಾನಿ ಬ್ಯಾಟರಿಯ ಮೇಲೆಯೇ ಇರಲಿ. ಆದರೆ ಹಳೆಯ ಗಾಡಿಗಳಲ್ಲಿ ಬಹಳ ಸಲ ಕೈಕೊಡುವುದು ಅರ್ತಿಂಗ್ ಕೇಬಲ್, ಅಂದರೆ ಬ್ಯಾಟರಿಯ ಮೈನಸ್ಸನ್ನು ಗಾಡಿಯ ಲೋಹಕ್ಕೆ ಜೋಡಿಸುವ ದಪ್ಪ ತಂತಿ. ಅದನ್ನು ಬಿಗಿದ ಬೋಲ್ಟಿನ ಸುತ್ತ ತುಕ್ಕು, ಎಣ್ಣೆಜಿಡ್ಡು ಗಟ್ಟಿಕಟ್ಟಿರುತ್ತದೆ. ಹೆಡ್‌ಲೈಟ್ ಉರಿಯುವಷ್ಟು ಕರೆಂಟ್ ಹರಿದರೂ ಸ್ಟಾರ್ಟರ್ ಬೇಡುವ ನೂರಾರು ಆಂಪಿಯರ್ ಹರಿಯುವುದಿಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿಹಿಡಿದು ಸ್ಟಾರ್ಟ್ ಮಾಡಿಸಿ. ಅರ್ಧ ವೋಲ್ಟ್ ಮೀರಿದರೆ ಕೇಬಲ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ.

ಇವೆಲ್ಲ ಸರಿಯಿದ್ದೂ ಒಂದೇ ‘ಟಕ್’ ಕೇಳಿದರೆ ಆಗ ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಿಸಿ. ಸವೆದ ಬ್ರಷ್ ಮಾತ್ರ ಬದಲಿಸಿದರೂ ಎಷ್ಟೋ ಮೋಟಾರ್‌ಗಳು ಮತ್ತೆ ತಿರುಗುತ್ತವೆ. ಪರೀಕ್ಷಿಸುವಾಗ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.